ನಾಳಿ ಮಳಿ ಬರ್ತದೇನ್ರಿ ಸರ?

ಕಲಬುರಗಿಯಾಗ ಗಣಿತದ ಲೆಕ್ಚರರ್‌ಗ ಯಾರೂ ನಡು ರಸ್ತಾದಾಗ ನಿಂದ್ರಿಸಿ "ಸರ, ಹತ್ತೊಂಬತ್ತರ ಮಗ್ಗಿ ಹೇಳ್ರಿ" ಅನ್ನಲ್ಲ. ಇತಿಹಾಸದವ್ರಿಗಿ ಕಾಯಿಪಲ್ಯ ಗಾಡಿ ಮುಂದ ನಿಂತು "ಬಹಮನಿ ಸುಲ್ತಾನರು ರಾಜಧಾನಿ ಇಲ್ಲಿಂದ ಬೀದರಿಗಿ ಯಾಕ ಒಯ್ದ್ರು" ಅಂತ ಕೇಳಲ್ಲ. ಆದ್ರ ನಾ ಹವಾಮಾನ ಪಾಠ ಮಾಡ್ತೀನಿ ಅಂತ ಒಮ್ಮಿ ಬಾಯಿ ಬಿಟ್ರಿ ಅಂದ್ರ ಮುಗೀತು, ಕಟಿಂಗ್ ಅಂಗಡಿಯಾಗ, ಮದುವಿ ಊಟದ ಪಂಕ್ತಿಯಾಗ, ಮಣ್ಣಿಗಿ ಹೋದ ಕಡಿನೂ ಬಿಡಲ್ಲ, "ಸರ, ನಾಳಿ ಮಳಿ ಬರ್ತದೇನ್ರಿ?"

ಹೇಳೋದ್ರಾಗ ಏನೂ ತೊಂದ್ರಿ ಇಲ್ಲ, ತೊಂದ್ರಿ ಇರೋದು ಅವ್ರಿಗಿ ಬೇಕಾದ ಉತ್ತರದಾಗ. "60 ಪರ್ಸೆಂಟ್ ಚಾನ್ಸ್ ಅದ" ಅಂದ್ರ ಯಾರಿಗೂ ಸಮಾಧಾನ ಆಗಲ್ಲ. "ಬರ್ತದೋ ಇಲ್ಲೋ ಅಷ್ಟ ಹೇಳ್ರಿ, ಪರ್ಸೆಂಟ್ ಪರೀಕ್ಷಾದಾಗ ಇಟ್ಕೋರಿ" ಅಂತ ಕಟಿಂಗ್ ಮಾಡೋ ಅಣ್ಣ ಕತ್ತರಿ ಕಿವಿ ಹತ್ರ ಹಿಡ್ಕೊಂಡೇ ಅಂದಿದ್ದ, ಆ ಪೊಸಿಷನ್ನಿನಾಗ ಸಂಭವನೀಯತೆ ಮ್ಯಾಲ ಲೆಕ್ಚರ್ ಕೊಡೋ ಧೈರ್ಯ ನನಗ ಇಲ್ಲ, "ಬರ್ತದ, ಬರ್ತದ" ಅಂದು ಎದ್ದು ಬಂದೆ. ಗಂಜ್ ಮಾರ್ಕೆಟ್ಟಿನಾಗ ತೊಗರಿ ವ್ಯಾಪಾರ ಮಾಡೋ ಪರಿಚಯದವ್ರು ಒಬ್ರು ಅದಾರ, ಅವ್ರಂತೂ ಕಡ್ಡಿ ಮುರಿದಂಗ ಹೇಳಿದ್ರು, "ನಮ್ಮ ಧಂದಾದಾಗ 60 ಪರ್ಸೆಂಟ್ ಬರ್ತದ ಅಂದ್ರ 40 ಮುಳುಗ್ತು ಅಂತ ಲೆಕ್ಕ ರೀ."

ನಾ ಈ ಹವಾಮಾನಕ್ಕ ಬಂದಿದ್ದೇ ಒಂದು ಥರ್ಮಾಮೀಟರಿನ ದೆಸಿಯಿಂದ. ಓದಿದ್ದು ಫಿಸಿಕ್ಸ್, ಮ್ಯಾಲ ಎಂ.ಎಡ್. ಭೂಗೋಳ ಡಿಪಾರ್ಟ್‌ಮೆಂಟಿನಾಗ ಹವಾಮಾನಶಾಸ್ತ್ರದ ಪೇಪರ್ ತಗೊಳ್ಳೋರು ಯಾರೂ ಇರ್ಲಿಲ್ಲ, ಆಗಿನ ಪ್ರಿನ್ಸಿಪಾಲ್ರು ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿ "ಥರ್ಮಾಮೀಟರ್ ನಿಮ್ಮ ಡಿಪಾರ್ಟ್‌ಮೆಂಟಿನ ಹೆಸರಿಗ್ ಅದ, ಅಂದ್ಮ್ಯಾಲ ಹವಾಮಾನನೂ ನಿಮ್ದೇ" ಅಂತ ತೀರ್ಪು ಕೊಟ್ಟುಬಿಟ್ರು. ಹಿಂದಿಂದ ಅದೇ ಮ್ಯಾನೇಜ್‌ಮೆಂಟಿನ ಬಿ.ಎಡ್ ಕಾಲೇಜಿನಾಗ ವಿಜ್ಞಾನ ಬೋಧನಾ ವಿಧಾನನೂ ಬಂದು ಕುತ್ತಿಗಿಗಿ ಬಿತ್ತು. ಮುಂಜಾನಿ ಮೋಡ, ಮಧ್ಯಾಹ್ನ ಮೋಡದ ಪಾಠ ಹೆಂಗ ಮಾಡ್ಬೇಕು ಅನ್ನೋ ಪಾಠ. ನೌಕರಿ ಪೂರಾ ಹಿಂಗೇ ಹೋಯ್ತು.

ಈಗ ಪೆಟ್ಟಿಗಿ ಕಥಿ ಹೇಳ್ಬೇಕು. ಉಷ್ಣಾಂಶ ಅಳಿಯೋಕ್ಕ ಥರ್ಮಾಮೀಟರ್ ಬಿಸಿಲಿಗಿ ಇಟ್ರ ಅದು ಗಾಳಿದು ಅಳಿಯಲ್ಲ, ಬಿಸಿಲಿಗಿ ಕಾದ ತನ್ನ ಮೈ ಬಿಸಿನೇ ತೋರಿಸ್ತದ. ಅದಕ್ಕ ಬಿಳಿ ಬಣ್ಣ ಹಚ್ಚಿದ, ನಾಕೂ ಕಡಿ ಗಾಳಿ ಆಡೋ ಹಂಗ ಓರೆ ಪಟ್ಟಿ ಬಡಿದ, ನೆಲದಿಂದ ನಾಕು ಫೂಟ್ ಮ್ಯಾಲ ನಿಂದ್ರೋ ಒಂದು ಕಟಗಿ ಪೆಟ್ಟಿಗಿ ಬೇಕು, ಸ್ಟೀವನ್‌ಸನ್ ಪೆಟ್ಟಿಗಿ ಅಂತಾರ. ಥಾಮಸ್ ಸ್ಟೀವನ್‌ಸನ್ ಅಂತ ಸ್ಕಾಟ್ಲೆಂಡಿನ ಲೈಟ್‌ಹೌಸ್ ಎಂಜಿನಿಯರ್ 19ನೇ ಶತಮಾನದಾಗ ಮಾಡಿದ್ದು. ನಮ್ಮ ಬಡಿಗ್ಯಾಗ ಚಿತ್ರ ತೋರಿಸಿದ್ರ ಆಂವ ಮೊದಲು ಕೇಳಿದ್ದು "ಕೋಳಿಗಾ ಪಾರಿವಾಳಕ್ಕಾ ಸರ?" ನಾ ಗಾಳಿಗಿ ಅಂದೆ. ಆಂವ ನನ್ನ ಮುಖ ನೋಡಿ ಅಡ್ವಾನ್ಸ್ ಜಾಸ್ತಿ ಕೇಳ್ದ.

ಪೆಟ್ಟಿಗಿ ಬಾಗಲ ಉತ್ತರ ದಿಕ್ಕಿಗೇ ಇರ್ಬೇಕು, ಯಾಕಂದ್ರ ಓದ್ಲಿಕ್ಕ ಬಾಗಲ ತೆಗೆದಾಗ ಸೂರ್ಯ ನೇರ ಒಳಗ ಬೀಳಬಾರದು. ಇದನ್ನ ಕಮಿಟಿ ಮುಂದ ಹೆಂಗ ಒಪ್ಪಿಸ್ಬೇಕು ಅಂತ ರಾತ್ರಿ ಪೂರಾ ತಯಾರಿ ಮಾಡ್ಕೊಂಡು ಹೋಗಿದ್ದೆ, ಚಾರ್ಟ್ ಬ್ಯಾರೆ ಬರ್ದಿದ್ದೆ. "ಬಾಗಲ ಉತ್ತರಕ್ಕ" ಅನ್ನೋದ್ರಾಗ ಹಿರಿಯ ಸದಸ್ಯರೊಬ್ರು "ಉತ್ತರ ಅಂದ್ರ ಕುಬೇರನ ದಿಕ್ಕು, ಭಾಳ ಚಲೋ ಆಯ್ತು" ಅಂದ್ರು, ಪಾಸ್. ಚಾರ್ಟ್ ಮಡಚಿದ್ದು ಮಡಚಿದಂಗೇ ವಾಪಸ್ ಬಂತು. ನನ್ನ ನೌಕರಿಯಾಗ ಇಷ್ಟು ಜಲ್ದಿ ಪಾಸಾದ ಬಿಲ್ಲು ಇನ್ನೊಂದಿಲ್ಲ.

ಆದ್ರ ಉತ್ತರಕ್ಕ ಬಾಗಲ ಇರೋ, ಬಿಳಿ ಬಣ್ಣದ, ಕಟ್ಟಿ ಮ್ಯಾಲ ನಿಂತ, ಸುತ್ತ ತಂತಿ ಬೇಲಿ ಹಾಕಿದ ಪೆಟ್ಟಿಗಿ ನೋಡಿದ್ರ ನಮ್ಮ ಮಂದಿಗಿ ಏನು ಅನಿಸ್ತದ ಹೇಳ್ರಿ. ಒಂದು ಶುಕ್ರವಾರ ಬಾಗಲಿಗಿ ಕುಂಕುಮ ಬಂತು. ಆಮ್ಯಾಲ ಪರೀಕ್ಷಾ ಹತ್ರ ಬಂದಂಗ ಟೆಂಗಿನಕಾಯಿ. ಡಿಸೆಂಬರ್ ತಿಂಗಳಾಗ ಒಂದಿನ ನಮ್ಮ ಹುಡುಗ್ರು ರೀಡಿಂಗ್ ತಂದ್ರು, ಗರಿಷ್ಠ ಉಷ್ಣಾಂಶ 47 ಡಿಗ್ರಿ. ನಾ ಸ್ವೆಟರ್ ಹಾಕ್ಕೊಂಡು ಕುಂತೀನಿ! ಬಯಲು ಸೀಮೆಯಾಗ 45 ಮುಟ್ಟಿದ್ರೆ ಬಿಸಿಗಾಳಿ, 47 ಮುಟ್ಟಿದ್ರ ತೀವ್ರ ಬಿಸಿಗಾಳಿ ಅಂತ ಹವಾಮಾನ ಇಲಾಖೆ ಲೆಕ್ಕ. ಹೋಗಿ ನೋಡಿದ್ರ ಒಳಗ ಥರ್ಮಾಮೀಟರ್ ಬುಡಕ್ಕೇ ಊದಿನಕಡ್ಡಿ ಹಚ್ಚಿಟ್ಟಾರ, ಗರಿಷ್ಠ ಥರ್ಮಾಮೀಟರಿನ ಪಾದರಸ ಒಮ್ಮಿ ಏರಿದ್ರ ಜಾಡಿಸೋ ತನಕ ಇಳಿಯಲ್ಲ, ಹಿಂಗಾಗಿ ಯಾರೋ ಪಾಸ್ ಆಗ್ಲಿ ಅಂತ ಬೇಡ್ಕೊಂಡಿದ್ದಕ್ಕ ಆ ಪೆಟ್ಟಿಗಿಯೊಳಗ ಮಾತ್ರ ತೀವ್ರ ಬಿಸಿಗಾಳಿ ಬೀಸಿ ಹೋಗಿತ್ತು.

ಮಳಿ ಮಾಪಕದ್ದು ಇನ್ನೂ ಚಂದ. ನಮ್ಮ ಕಡಿ ಮಳಿ ಅಳಿಯೋದು ಮುಂಜಾನಿ ಎಂಟೂವರಿಗಿ, ಹಿಂದಿನ ಎಂಟೂವರಿಯಿಂದ ಆ ಎಂಟೂವರಿ ತನಕ ಬಿದ್ದಿದ್ದೆಲ್ಲ ಆ ದಿನದ ಲೆಕ್ಕಕ್ಕ. ಅಟೆಂಡರ್ ಕಾಕಾ ಒಬ್ರಿದ್ರು, ಹಿರಿಯರು, ನಾ ದಿನಾ ಹೋಗಿ ಬಗ್ಗಿ ನೋಡಿ ವಹಿಯಾಗ ಸೊನ್ನಿ ಬರಿಯೋದು ನೋಡಿ ನೋಡಿ ಅವ್ರಿಗಿ ಜೀವ ಮರುಗಿರ್ಬೇಕು. ಒಂದಿನ ಬಗ್ಗಿ ನೋಡ್ತೀನಿ, 18 ಮಿಲಿಮೀಟರ್! ಆಕಾಶದಾಗ ಚಿಂದಿ ಮೋಡ ಇಲ್ಲ, ನೆಲ ಒಣಗಿ ಬಿರುಕು ಬಿಟ್ಟದ, ಪಕ್ಕದ ಗಿಡದ ಎಲಿ ಮ್ಯಾಲ ಧೂಳು ಹಂಗೇ ಅದ. ಕಾಕಾಗ ಕರೆದು ಕೇಳಿದ್ರ, "ದಿನಾ ಖಾಲಿ ಪಾತ್ರಿ ನೋಡಿ ಸಪ್ಪಗ ಮಾರಿ ಮಾಡ್ಕೊಂಡು ಹೋಗ್ತೀರಿ ಸರ, ಅದಕ್ಕ ಒಂದು ಚೊಂಬು ಹಾಕೀನಿ" ಅಂದ್ರು. ಏನು ಬೈಬೇಕು? 1 ಮಿಲಿಮೀಟರ್ ಮಳಿ ಅಂದ್ರ ಒಂದು ಚದರ ಮೀಟರ್ ನೆಲದ ಮ್ಯಾಲ ಒಂದು ಲೀಟರ್ ನೀರು, 2.5 ಮಿಲಿಮೀಟರ್ ಮುಟ್ಟಿದ್ರ ಮಾತ್ರ ಅದು ಲೆಕ್ಕದಾಗ ಮಳಿ ದಿನ ಅಂತ ನಾ ಕ್ಲಾಸಿನಾಗ ವರ್ಷಾ ಹೇಳ್ತೀನಿ, ಆದ್ರ ಚೊಂಬಿನ ಕರುಣಾ ಯಾವ ಕಾಲಮ್ಮಿನಾಗ ಬರಿಬೇಕು ಅಂತ ಯಾವ ಮ್ಯಾನುಯಲ್ಲಿನಾಗೂ ಇಲ್ಲ. ಷರಾ ಅಂತ ಒಂದು ಕಾಲಮ್ ಇತ್ತು, ಅಲ್ಲಿ "ಕಾಕಾ" ಅಂತ ಬರ್ದೆ. ಇನ್‌ಸ್ಪೆಕ್ಷನ್ನಿಗಿ ಬಂದವ್ರು ಅದನ್ನ ಯಾವುದೋ ಚಂಡಮಾರುತದ ಹೆಸರು ಅಂತ ತಿಳ್ಕೊಂಡು ಟಿಕ್ ಹಾಕಿ ಹೋದ್ರು.

ನಮ್ಮ ಊರಿನ ಬ್ಯಾಸಿಗಿ ನಿಮಗ ಗೊತ್ತದ. ಏಪ್ರಿಲ್ ಮೇ ಬಂದ್ರ ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ತೆಗೆದು ಮಧ್ಯಾಹ್ನ ಒಂದೂವರಿಗಿ ಬಾಗಲ ಹಾಕ್ತಾವ. ಆ ಟೈಮಿನಾಗ ಮನಿ ಮನಿಯಾಗ ದೇವರಿಗಿಂತ ಮೊದಲು ಕೂಲರಿಗಿ ನೀರು. ನನಗ ಕೂಲರ್ ಅಂದ್ರ ಭಾಳ ಪ್ರೀತಿ, ಆರ್ದ್ರ ಬಲ್ಬ್ ಥರ್ಮಾಮೀಟರ್ ಅನ್ನೋ ಪಾಠಕ್ಕ ಅದಕ್ಕಿಂತ ಚಲೋ ಮಾಡೆಲ್ ಇಲ್ಲ. ಥರ್ಮಾಮೀಟರಿನ ಬುಡಕ್ಕ ಹಸಿ ಬಟ್ಟಿ ಸುತ್ತಿದ್ರ ನೀರು ಆರುವಾಗ ಶಾಖ ಎಳ್ಕೊಂಡು ಹೋಗ್ತದ, ಪಾದರಸ ಇಳಿತದ, ಕೂಲರಿನ ಹುಲ್ಲಿನಾಗ ನಡಿಯೋದೂ ಇದೇ. ಹೊರಗ 42 ಡಿಗ್ರಿ, ಸಾಪೇಕ್ಷ ಆರ್ದ್ರತೆ ಅಂದ್ರ ಗಾಳಿಯಾಗಿನ ಹಸಿ 20 ಪರ್ಸೆಂಟ್ ಇದ್ರ ಹಸಿ ಬಟ್ಟಿ ಥರ್ಮಾಮೀಟರ್ 24ರ ಸುತ್ತ ನಿಂದ್ರತದ, 18 ಡಿಗ್ರಿ ಫರಕ್! ಅದೇ ಜೂನಿನಾಗ ಗಾಳಿ ಹಸಿ ಆಗಿ 34 ಡಿಗ್ರಿ, 60 ಪರ್ಸೆಂಟ್ ಆಯ್ತು ಅನ್ರಿ, ಹಸಿ ಬಟ್ಟಿ 27-28ರ ಕೆಳಗ ಇಳಿಯಂಗೇ ಇಲ್ಲ. ಅದಕ್ಕ ಮೇದಾಗ ಕೈ ಮುಗಿಸ್ಕೊಂಡ ಕೂಲರ್ ಜೂನಿನಾಗ ಬೈಸ್ಕೋತದ. ನಮ್ಮ ಮನಿಯವ್ರು ವರ್ಷಾ ಜೂನಿಗಿ "ಕೂಲರ್ ಕೆಟ್ಟದ, ಮೆಕ್ಯಾನಿಕ್ ಕರಸ್ರಿ" ಅಂತಾರ, ನಾ ಆರ್ದ್ರತೆ ಬಗ್ಗಿ ಶುರು ಮಾಡ್ತೀನಿ, ಅವ್ರು ಮೆಕ್ಯಾನಿಕ್‌ಗ ಫೋನ್ ಮಾಡ್ತಾರ, ಆಂವ ಬಂದು ಪಂಪ್ ಬಿಚ್ಚಿ ಮತ್ತ ಹಾಕಿ ರೊಕ್ಕಾ ತಗೊಂಡು ಹೋಗ್ತಾನ, ಅಷ್ಟ್ರಾಗ ಒಂದು ಮಳಿ ಬಂದು ತಂಪಾಗ್ತದ, "ನೋಡ್ರಿ, ಆಂವ ಬಂದ್ಮ್ಯಾಲ ಬರೋಬ್ಬರಿ ಆಯ್ತು." ವಿಜ್ಞಾನ ಶಿಕ್ಷಣದ ಸೋಲು ಅಂತ ಸೆಮಿನಾರಿನಾಗ ದೊಡ್ಡ ದೊಡ್ಡ ಪೇಪರ್ ಓದ್ತಾರ, ಒಮ್ಮಿ ನಮ್ಮ ಮನಿಗಿ ಬಂದು ಹೋಗ್ಲಿ.

ಕೂಲರ್ ಹಚ್ಚಿದ ಕೋಣಿ ಕಿಟಕಿ ಸ್ವಲ್ಪ ತೆಗೆದಿರ್ಬೇಕು, ಒಳಗಿನ ಹಸಿ ಗಾಳಿ ಹೊರಗ ಹೋಗ್ಬೇಕು, ಇಲ್ಲಂದ್ರ ಅರ್ಧ ತಾಸಿನಾಗ ಕೋಣಿ ಇಡ್ಲಿ ಪಾತ್ರಿ. ಆಳಂದ ಕಡಿ ಒಂದು ಮದುವಿ ಮನಿಯಾಗ ಹಿರಿಯರು ಕುಂತ ಕೋಣಿಯಾಗ ಎಲ್ಲಾ ಕಿಟಕಿ ಬಂದ್ ಮಾಡಿ ಎರಡು ಕೂಲರ್ ಹಚ್ಚಿದ್ರು, ಎಲ್ಲರೂ ಬೆವರು ಸುರಿಸ್ಕೋತ "ಭಾಳ ಸೆಕಿ, ಭಾಳ ಸೆಕಿ" ಅನ್ಕೋತ ಕುಂತಾರ. ನಾ ಸುಮ್ನಿರಲಾರದ ಎದ್ದು ಒಂದು ಕಿಟಕಿ ತೆಗೆದೆ. ಬೀಗರ ಕಡಿ ಒಬ್ರು ಅಜ್ಜಿ "ಯಾರಪ್ಪಾ ನೀ, ನಮ್ಮ ತಂಪೆಲ್ಲ ಹೊರಗ ಬಿಡ್ಲಾಕತ್ತೀದಿ" ಅಂತ ಎಲ್ಲರ ಮುಂದ ಜಬರಿಸಿದ್ರು. ಪಕ್ಕದಾಗಿದ್ದ ನಮ್ಮ ಸಾಡೂ "ಇವ್ರು ಹವಾಮಾನ ಪ್ರೊಫೆಸರ್ ರೀ ಅಜ್ಜಿ" ಅಂತ ನನ್ನ ಮಾನ ಉಳಿಸ್ಲಿಕ್ಕ ನೋಡ್ದ. ಅಜ್ಜಿ ಒಂದ್ಸಲ ನನಗ ಮ್ಯಾಲಿಂದ ಕೆಳಗ ನೋಡಿ, "ಹಂಗಂದ್ರ ಹೇಳಪ್ಪಾ, ನಾಳಿ ಅಕ್ಷತಾ ಟೈಮಿಗಿ ಮಳಿ ಬರ್ತದೇನು?"

ಬಿ.ಎಡ್ ಕಡಿ ಬರ್ತೀನಿ. ಅಲ್ಲಿ ಮೊದಲನೇ ಕ್ಲಾಸಿಗಿ ನಂದು ಒಂದೇ ಪ್ರಶ್ನೆ: ಬ್ಯಾಸಿಗಿ ಯಾಕ ಬರ್ತದ? ಕೈ ಎಲ್ಲಾ ಮ್ಯಾಲ. "ಸೂರ್ಯ ಹತ್ರ ಬರ್ತಾನ ಸರ." ಇದಕ್ಕ ನಮ್ಮ ಹುಡುಗ್ರಿಗಿ ಬೈಯಬಾರದು, 1987ರಾಗ ಅಮೆರಿಕಾದ ಹಾರ್ವರ್ಡಿನಾಗ ಪದವಿ ಸಮಾರಂಭದ ದಿನನೇ ಗೌನು ಟೋಪಿ ಹಾಕ್ಕೊಂಡವ್ರಿಗಿ ಇದೇ ಪ್ರಶ್ನೆ ಕೇಳಿ ಶೂಟಿಂಗ್ ಮಾಡಿದ್ರು, ಹೆಚ್ಚಿನವ್ರು ಹೇಳಿದ್ದೂ ಇದೇ. ಖರೆ ಅಂದ್ರ ಭೂಮಿ ಸೂರ್ಯಾಗ ಎಲ್ಲಕ್ಕಿಂತ ಹತ್ರ ಇರೋದು ಜನವರಿ ಮೊದಲನೇ ವಾರದಾಗ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಾಗ 15.2 ಕೋಟಿ. ಅಂದ್ರ ಎಳ್ಳ ಅಮಾಸಿ ಸುಮಾರಿಗಿ ನಾವು ಹೊಲಕ್ಕ ಹೋಗಿ ಚರಗ ಚೆಲ್ಲಿ, ಮುಂಜಾನಿ ಚಳಿಗಿ ಗಡಗಡ ನಡುಗ್ಕೋತ ಸಜ್ಜಿ ರೊಟ್ಟಿ ಭಜ್ಜಿ ತಿನ್ನುವಾಗ ಸೂರ್ಯಪ್ಪ ಎಲ್ಲಕ್ಕಿಂತ ಬಾಜೂ ಬಂದು ಕುಂತಿರ್ತಾನ. ಇದನ್ನ ಹೇಳಿ, ಭೂಮಿ 23.5 ಡಿಗ್ರಿ ವಾಲಿದ್ದು ಗ್ಲೋಬಿನಾಗ ತೋರಿಸಿ, ಟಾರ್ಚ್ ಹಿಡಿದು, ಎರಡು ತಾಸು ಗಂಟಲು ಹರ್ಕೊಂಡು, ಕೊನಿಗಿ "ಈಗ ಹೇಳ್ರಿ, ಬ್ಯಾಸಿಗಿ ಯಾಕ ಬರ್ತದ" ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಭಾಳ ವಿನಯದಿಂದ, "ವಾಲಿದ್ದಕ್ಕ ಸರ. ವಾಲಿದ ಕಡಿ ಸೂರ್ಯಾಗ ಹತ್ರ ಆಗ್ತದ." ಹಳೇ ಉತ್ತರ ಹೊಸ ಅಂಗಿ ಹಾಕ್ಕೊಂಡು ಬಂತು.

ಬ್ಯಾಸಿಗಿ ಬಿಸಿಲು ತಲಿ ಮ್ಯಾಲ ನೇರ ಬೀಳ್ತದ ಅನ್ನೋದು ತೋರ್ಸಿಕೊಟ್ರಾದ್ರೂ ತಿಳೀಲಿ ಅಂತ ಶೂನ್ಯ ನೆರಳಿನ ದಿನ ಇಟ್ಟೆ. ಕಲಬುರಗಿ ಇರೋದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಾಗ, ಹಂಗಾಗಿ ಮೇ ಎರಡನೇ ವಾರದ ಸುಮಾರಿಗಿ ಒಮ್ಮಿ, ಆಗಸ್ಟ್ ಮೊದಲ ವಾರದಾಗ ಒಮ್ಮಿ ನಡು ಮಧ್ಯಾಹ್ನ ನೆಟ್ಟಗ ನಿಂತ ಕಂಬದ ನೆರಳು ಕಾಲಾಗೇ ಮಾಯ ಆಗ್ತದ. ಆಗಸ್ಟಿನಾಗ ಮೋಡ, ಹಂಗಾಗಿ ಮೇ ಗತಿ. ಅದೂ ಗಡಿಯಾರದ ಹನ್ನೆರಡಕ್ಕಲ್ಲ, ನಮ್ಮ ಗಡಿಯಾರ ನಡಿಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಾಗ, ನಾವು ಅದ್ರ ಪಶ್ಚಿಮಕ್ಕ ಇರೋದ್ರಿಂದ ಹನ್ನೆರಡೂ ಕಾಲು ದಾಟಿ ನಾಕು ನಿಮಿಷದ ಸುಮಾರಿಗಿ. ಮ್ಯಾನೇಜ್‌ಮೆಂಟಿನವ್ರು ಖುಷಿಯಾಗಿ ಮುಖ್ಯ ಅತಿಥಿನ್ನ ಕರದ್ರು. ಬಿಸಿಲಾಗ ಅತಿಥಿಗಿ ನಿಂದ್ರಿಸೋದು ಹೆಂಗ ಅಂತ ಮೈದಾನಕ್ಕೆಲ್ಲ ಶಾಮಿಯಾನ ಹೊಡಸಿದ್ರು. ನಾ ಮುಂಜಾನಿ ಹೋಗಿ ನೋಡ್ತೀನಿ, ನೆರಳು ಮಾಯ ಆಗೋದನ್ನ ತೋರಿಸ್ಲಿಕ್ಕ ನಿಲ್ಲಿಸಿದ ಕಂಬ ಶಾಮಿಯಾನದ ನಡು ಮಧ್ಯ ನೆರಳಾಗ ನಿಂತದ, ಮ್ಯಾಲ ಹೂವಿನ ಹಾರ ಬ್ಯಾರೆ ಹಾಕ್ಯಾರ. ಶಾಮಿಯಾನ ಸರಸ್ರಿ ಅಂದ್ರ "ಅತಿಥಿ ಹೋದ್ಮ್ಯಾಲ ತೆಗೀತೀವಿ ಸರ" ಅಂದ್ರು. ಅತಿಥಿಗಳು ವಿಜ್ಞಾನದ ಮಹತ್ವದ ಬಗ್ಗಿ ಒಂದು ಗಂಟಿ ತನಕ ಮಾತಾಡಿದ್ರು. ಶಾಮಿಯಾನ ಬಿಚ್ಚೋದ್ರಾಗ ಕಂಬದ ನೆರಳು ಪೂರ್ವಕ್ಕ ಆರಾಮ ಕಾಲು ಚಾಚಿತ್ತು. ಮರುದಿನ ಪೇಪರಿನಾಗ "ಶೂನ್ಯ ನೆರಳು ಕಣ್ತುಂಬಿಕೊಂಡ ವಿದ್ಯಾರ್ಥಿಗಳು" ಅಂತ ಫೋಟೋ ಸಮೇತ ಬಂತು, ಫೋಟೋದಾಗ ಎಲ್ಲರೂ ನೆರಳಾಗ.

ಇದೆಲ್ಲ ಹೋಗ್ಲಿ ಅನ್ರಿ, ಒಂದು ಮಾತ್ರ ನನಗ ಇನ್ನೂ ನಗು ಬರ್ತದೋ ಅಳು ಬರ್ತದೋ ತಿಳಿಯಲ್ಲ. ಪ್ರಾಕ್ಟೀಸ್ ಟೀಚಿಂಗ್ ನೋಡ್ಲಿಕ್ಕ ಒಂದು ಹೈಸ್ಕೂಲಿಗಿ ಹೋಗಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ಹುಡುಗಿ, ಭಾಳ ಶಾಣ್ಯಾಕಿ, ಪಾಠ ಯೋಜನೆ ಮುತ್ತು ಪೋಣಿಸಿದ ಅಕ್ಷರದಾಗ ಬರ್ದಿದ್ಲು. ಘಟಕ: ಜಲಚಕ್ರ. ಉಪಘಟಕ: ಮಳೆ ಹೇಗೆ ಬರುತ್ತದೆ. ಹತ್ತಿ ಅಂಟಿಸಿದ ಮೋಡ, ನೀಲಿ ದಾರದ ಮಳಿ, ಥರ್ಮಾಕೋಲಿನ ಬೆಟ್ಟ, ಎಲ್ಲಾ ಇತ್ತು. ಪೀಠಿಕೆ ಪ್ರಶ್ನೆ ಮುಗಿಸಿ ವಿಷಯಕ್ಕ ಬಂದ್ಲು, ಅಷ್ಟ್ರಾಗ ಹೊರಗ ಗುಡುಗಿತು. ವರ್ಷದ ಮೊದಲನೇ ದೊಡ್ಡ ಮಳಿ ರೀ! ಕರಿ ಮಣ್ಣಿನ ವಾಸನಿ ಕ್ಲಾಸ್ ತುಂಬ ಬಂತು, ತಗಡಿನ ಮ್ಯಾಲ ಆಲಿಕಲ್ಲು ಬೀಳೋ ಸದ್ದು, ಹುಡುಗ್ರು ಎಲ್ಲಾ ಕಿಟಕಿ ಕಡಿ ಹಾರಿದ್ವು. ಆಕಿ ಗಾಬರಿಯಾಗಿ ನನ್ನ ಕಡಿ ಒಂದ್ಸಲ ನೋಡಿ, ಹೋಗಿ ಕಿಟಕಿ ಬಾಗಲ ಎಲ್ಲಾ ಬಂದ್ ಮಾಡಿ, ಬೋರ್ಡಿಗಿ ಕೋಲು ಬಡಿದು, "ಮಕ್ಕಳೇ, ಇಲ್ಲಿ ಗಮನ ಕೊಡಿ, ಮಳೆ ಹೇಗೆ ಬರುತ್ತದೆ ನೋಡೋಣ" ಅಂದ್ಲು. ಕಿಟಕಿ ಸಂದಿಯಿಂದ ನೀರು ಒಳಗ ಬಂದು ಥರ್ಮಾಕೋಲ್ ಬೆಟ್ಟದ ಬುಡಕ್ಕ ನಿಂತ್ರೂ ಆಕಿ ಬಿಡ್ಲಿಲ್ಲ, ಸಾಂದ್ರೀಕರಣ ತನಕ ಬಂದು, ಮೌಲ್ಯಮಾಪನ ಪ್ರಶ್ನೆ ಕೇಳಿ, ಮನೆಗೆಲಸ ಕೊಟ್ಟು, ಕರೆಕ್ಟ್ 35 ನಿಮಿಷಕ್ಕ ಮುಗಿಸಿದ್ಲು. ಅಷ್ಟೊತ್ತಿಗಿ ಮಳಿನೂ ನಿಂತಿತ್ತು. ಹೊರಗ ಬಂದು ಕೇಳ್ದೆ, "ಯಾಕವ್ವಾ, ಹುಡುಗ್ರಿಗಿ ವರಾಂಡಕ್ಕ ಕರ್ಕೊಂಡು ಹೋಗ್ಬೇಕಿತ್ತಲ್ಲ?" ಆಕಿ ಕಣ್ಣಾಗ ನೀರು ತಂದು, "ಸರ, ಪಾಠ ಯೋಜನೆದಾಗ ಇರ್ಲಿಲ್ಲಲ್ಲರಿ." ಆಕಿದು ಏನು ತಪ್ಪು ಹೇಳ್ರಿ, ಯೋಜನೆ ಬಿಟ್ಟು ಹೋದ್ರ ಮಾರ್ಕ್ಸ್ ಕಟ್ ಅನ್ನೋ ಫಾರ್ಮು ನನ್ನ ಕೈಯಾಗೇ ಇತ್ತು. ಆ ಫಾರ್ಮಿನಾಗ "ಆಲಿಕಲ್ಲು ಬಂದ್ರ ಏನು ಮಾಡ್ಬೇಕು" ಅಂತ ಒಂದು ಸಾಲು ಸೇರಿಸ್ರಿ ಅಂತ ಮೀಟಿಂಗಿನಾಗ ಹೇಳಿದ್ರ ಎಲ್ಲರೂ ನಕ್ಕು ಚಹಾ ತರಿಸಿದ್ರು.

ಊರಿಗಿ ಹೋದ್ರ ಅಲ್ಲಿ ನಮ್ಮ ಕಾಕಾ, ಖಾಸ್ ಕಾಕಾ, ಅಟೆಂಡರ್ ಅಲ್ಲ. ಅವ್ರ ಕೈಯಾಗ ಪಂಚಾಂಗ. ರೋಹಿಣಿ, ಮಿರಗ, ಆರಿದ್ರಾ ಅಂತ ಮಳಿ ನಕ್ಷತ್ರ, ಒಂದೊಂದಕ್ಕ ಒಂದು ವಾಹನ, ಕಪ್ಪಿ ಬಂದ್ರ ಮಳಿ ಜೋರು, ಕತ್ತೆ ಬಂದ್ರ ಸಾಧಾರಣ. "ರೋಹಿಣಿ ಮಳಿ ಬಂದ್ರ ಓಣಿಯೆಲ್ಲ ಜೋಳ" ಅಂತ ಗಾದಿ ಒಗೀತಾರ. ನಾ ಈ ನಕ್ಷತ್ರಕ್ಕ ನಗೋನಲ್ಲ, ಸೂರ್ಯ ಒಂದೊಂದು ನಕ್ಷತ್ರ ದಾಟ್ಲಿಕ್ಕ 13-14 ದಿನ, ಹಂಗಾಗಿ ಮಿರಗ ವರ್ಷಾ ಜೂನ್ 7-8ರ ಸುಮಾರಿಗೇ ಬರ್ತದ, ಬಿತ್ತೋರಿಗಿ ಅದು ಚಲೋ ಕ್ಯಾಲೆಂಡರ್ರೇ. ವಾಹನದ ಮ್ಯಾಲ ಮಾತ್ರ ನಂದೂ ಅವ್ರದೂ ಜಗಳ. ನಾ ಹೇಳ್ತೀನಿ, ದೇಶಕ್ಕ ನಾಕು ತಿಂಗಳ ಮುಂಗಾರಿನ ಸರಾಸರಿ 87 ಸೆಂಟಿಮೀಟರ್, ಅದ್ರ 96ರಿಂದ 104 ಪರ್ಸೆಂಟ್ ಬಂದ್ರ ಇಲಾಖೆ ಅದಕ್ಕ ಸಾಮಾನ್ಯ ಅಂತದ. ಕಾಕಾ ಕೇಳ್ತಾರ, "ಆ 87ರಾಗ ನಮ್ಮ ಹೊಲದ ಪಾಲು ಎಷ್ಟು?" ಇದಕ್ಕ ನನ್ನ ಕಡಿ ಉತ್ತರ ಇಲ್ಲ, ಇಡೀ ದೇಶದ ಸರಾಸರಿ ಸರಿ ಇದ್ದು ನಮ್ಮ ಸೀಮಿ ಒಣಗಿದ ವರ್ಷ ಇಬ್ರೂ ನೋಡೀವಿ. ಕಪ್ಪಿ ವಾಹನ ಇದ್ದೂ ಮಳಿ ಕೈ ಕೊಟ್ಟಾಗ ಮಾತ್ರ ಅವ್ರು ಸೋಲಲ್ಲ, "ಕಪ್ಪಿ ಹೊಂಟಿತ್ತಪ್ಪಾ, ನಡುವ ನಿಮ್ಮ ಸ್ಯಾಟಲೈಟ್ ಅಡ್ಡ ಬಂತು" ಅಂತಾರ.

2020ರ ಅಕ್ಟೋಬರಿನಾಗ ಮಾತ್ರ ಯಾರೂ ನಗ್ಲಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ನೇ ತಾರೀಕು ಕಾಕಿನಾಡ ಹತ್ರ ದಂಡಿಗಿ ಹತ್ತಿ, ತೆಲಂಗಾಣ ದಾಟಿ ನಮ್ಮ ತಲಿ ಮ್ಯಾಲ ಬಂತು, ಹಿಂದಿಂದೇ ಭೀಮಾ ನದಿ ಊರೊಳಗ. ಆಗ ಆನ್‌ಲೈನ್ ಕ್ಲಾಸ್. ಅಫಜಲಪುರ ಕಡಿ ಹುಡುಗ್ರು ಒಬ್ಬೊಬ್ರೇ ಸ್ಕ್ರೀನಿನಿಂದ ಹೋದ್ರು, ನೆಟ್‌ವರ್ಕೂ ಕರೆಂಟೂ ಎರಡೂ ಇಲ್ಲ. ಆ ವಾರ ನನಗ ಯಾರೂ ಪರ್ಸೆಂಟ್ ಬಗ್ಗಿ ವಾದ ಮಾಡ್ಲಿಲ್ಲ, ಭೀಮಾ ಮ್ಯಾಲಿನ ಸೊನ್ನ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟಾರ ಅಂತ ಅಷ್ಟ ಕೇಳಿದ್ರು.

ಹೋದ ವರ್ಷ ಸೇಡಂ ಕಡಿ ಮಾಸ್ತರ್ ಆಗಿರೋ ನನ್ನ ಹಳೇ ವಿದ್ಯಾರ್ಥಿ ಒಬ್ಬ ಕ್ಲಾಸಿನ ಟೈಮಿನಾಗೇ ಫೋನ್ ಮಾಡ್ದ. ಹಿಂದ ಹುಡುಗ್ರ ಗದ್ದಲ, ಅದ್ರ ಹಿಂದ ಮಳಿ ಗದ್ದಲ. "ಸರ, ಹುಡುಗ್ರಿಗಿ ಹೊರಗ ತಂದೀನಿ, ಬಕೀಟ್ ಇಟ್ಟು ಮಳಿ ಅಳಿಲಾಕತ್ತೀವಿ, 40 ಮಿಲಿಮೀಟರ್ ಬಂದದ!" ನನಗ ಖುಷಿ ತಡಿಯಲಿಲ್ಲ, ಆದ್ರ ಮಾಸ್ತರಿಕಿ ಚಟ ಬಿಡ್ತದೇನು, "ಬಕೀಟಿನ ಬಾಯಿ ಅಗಲ, ತಳ ಸಣ್ಣದು ಇರ್ತದಲ್ಲಪ್ಪಾ, ಅದು ಜಾಸ್ತಿ ತೋರಿಸ್ತದ, ಬಾಯಿ ತಳ ಎರಡೂ ಸಮ ಇರೋ ಡಬ್ಬಿ ಇಡ್ಬೇಕು, ಈಗ ಆ ನೀರು ಡಬ್ಬಿಗಿ ಹಾಕ್ಬ್ಯಾಡ, ಮೊದಲು ಬಕೀಟಿನ ಬಾಯಿ ಅಳತಿ ತಗೋ, ನೀರು ಎಷ್ಟು ಲೀಟರ್ ಅದ ಅಂತ ಅಳಿ, ಭಾಗಿಸಿದ್ರ ಬರೋಬ್ಬರಿ ಉತ್ತರ ಬರ್ತದ" ಅಂತ ಪೂರಾ ಪಾಠ ಒಪ್ಪಿಸಿದೆ. ಆ ಕಡಿ ಸ್ವಲ್ಪ ಹೊತ್ತು ಮಾತಿಲ್ಲ. ಆಮ್ಯಾಲ ಆಂವ ದನಿ ಸಣ್ಣದು ಮಾಡಿ ಅಂದ, "ಅಳಿಲಿಕ್ಕ ನೀರಿಲ್ರಿ ಸರ, ಹೆಡ್‌ಮಾಸ್ತರು ಬಕೀಟ್ ಸಮೇತ ಪಾಯಖಾನಿಗಿ ಒಯ್ದ್ರು, ಎರಡು ದಿನದಿಂದ ನಳಕ್ಕ ನೀರು ಬಂದಿಲ್ಲ."